ಸದ್ದಿಲ್ಲದ ಸವೆತ

ಘರ್ಷಣೆ ಅನಿವಾರ್ಯವಾದ ಅನಿಷ್ಟ ಎಂದು ಇಪ್ಪತ್ತೆಂಟು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಅದಿಲ್ಲದಿದ್ದರೆ ನಡೆಯಲಾಗದು, ಅದಿದ್ದರೆ ಚಪ್ಪಲಿ ಸವೆಯುತ್ತದೆ. ಚಪ್ಪಲಿಯಷ್ಟೇ ಅಲ್ಲ, ಕೃತಕ ಮೊಣಕಾಲೂ ಸವೆಯುತ್ತದೆ ಎಂಬುದು ನಮ್ಮ ಮನೆಗೆ ತಿಳಿದದ್ದು ಅಕ್ಕನಿಂದ.

ಹದಿನಾಲ್ಕು ವರ್ಷಗಳ ಹಿಂದೆ ಆಕೆಗೆ ಮೊಣಕಾಲು ಬದಲಿಸಿದ್ದರು. ತೊಡೆಮೂಳೆಯ ತುದಿಗೆ ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಟೋಪಿ, ಕೆಳಗಾಲಿನ ಮೂಳೆಯ ತಲೆಗೆ ಲೋಹದ ತಟ್ಟೆ, ನಡುವೆ ಮೃದ್ವಸ್ಥಿಯ ಬದಲಿಗೆ ಪಾಲಿಎಥಿಲೀನ್ ಬಿಲ್ಲೆ. ಅಕ್ಕ ಮತ್ತೆ ಸಂತೆಗೆ ನಡೆದೇ ಹೋಗತೊಡಗಿದಳು. ಎರಡು ವರ್ಷದ ನಂತರ ತಪಾಸಣೆ ನಿಲ್ಲಿಸಿದಳು. 'ನೋವೇ ಇಲ್ಲವಲ್ಲ, ಡಾಕ್ಟರಿಗೆ ಏನೆಂದು ಹೇಳಲಿ?' ಎನ್ನುತ್ತಿದ್ದಳು.

ಕಳೆದ ವರ್ಷ ಕುರ್ಚಿಯಿಂದ ಏಳುವಾಗ ನೋವು ಶುರುವಾಯಿತು. ಎಕ್ಸ್‌ರೇ ತೆಗೆಸಿದರೆ ತಟ್ಟೆಯ ಕೆಳಗಿನ ಮೂಳೆ ಕರಗಿ, ತಟ್ಟೆ ಒಂದು ಬದಿಗೆ ವಾಲಿತ್ತು. 'ಲೋಹ ಮುರಿಯಿತೇ?' ಎಂದು ಅಕ್ಕ ಕೇಳಿದಳು. ಲೋಹ ಗಟ್ಟಿಯಾಗಿಯೇ ಇತ್ತು. ಸವೆದದ್ದು ಬಿಲ್ಲೆ.

ನಡೆಯುವಾಗ ಮೊಣಕಾಲಿನ ಮೇಲೆ ದೇಹತೂಕದ ಸುಮಾರು ಎರಡೂವರೆ ಪಟ್ಟು ಭಾರ ಬೀಳುತ್ತದೆ. ಮೆಟ್ಟಿಲಿಳಿಯುವಾಗ ಇನ್ನೂ ಹೆಚ್ಚು. ಆಗ ಬಿಲ್ಲೆಯಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಉದುರುತ್ತವೆ. ದೇಹದ ಕಾವಲುಗಾರರಾದ ಮ್ಯಾಕ್ರೊಫೇಜ್ ಕೋಶಗಳು ಇವನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಅವು ಹೊರಬಿಡುವ ರಾಸಾಯನಿಕ ಕರೆಗೆ ಓಗೊಟ್ಟು ಮೂಳೆ ಕರಗಿಸುವ ಕೋಶಗಳು ಎಚ್ಚರಗೊಳ್ಳುತ್ತವೆ. ಬುನಾದಿ ಸಡಿಲವಾದ ಕಂಬದಂತೆ ತಟ್ಟೆ ಅಲುಗತೊಡಗುತ್ತದೆ. ಮೂಳೆ ಹೀಗೆ ಕರಗುವಾಗ ಬಹುಕಾಲ ನೋವೇ ಇಲ್ಲದಿರಬಹುದು. ಮೋಸ ಇರುವುದೇ ಅಲ್ಲಿ.

ಈ ಕಾಟ ಹೊಸದಲ್ಲ. ಇಂಗ್ಲೆಂಡಿನ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಸೊಂಟದ ಕೀಲಿಗೆ ಬಳಸಿದ ಟೆಫ್ಲಾನ್ ಕೆಲವೇ ವರ್ಷಗಳಲ್ಲಿ ಸವೆದುಹೋಯಿತು. ಆ ಪುಣ್ಯಾತ್ಮ ಪ್ಲಾಸ್ಟಿಕ್ ಕಣಗಳನ್ನು ತನ್ನ ತೊಡೆಗೇ ಸೇರಿಸಿಕೊಂಡು ಪರೀಕ್ಷಿಸಿದ. 1962ರಿಂದ ಪಾಲಿಎಥಿಲೀನ್ ಬಳಸಿದ.

ಹೆದರಬೇಕಾಗಿಲ್ಲ. 2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದ ಲೆಕ್ಕದಂತೆ ಪೂರ್ಣ ಬದಲಿಸಿದ ಮೊಣಕಾಲುಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ಬಾಳುತ್ತವೆ. ಸವೆತ ಬೇಗ ತಿಳಿದರೆ ಕೆಲವೊಮ್ಮೆ ಬಿಲ್ಲೆಯನ್ನಷ್ಟೇ ಬದಲಿಸಿದರೆ ಸಾಕು. ಅಕ್ಕನಿಗೆ ಎಲ್ಲವನ್ನೂ ಕಿತ್ತು, ಮೂಳೆಯೊಳಕ್ಕೆ ಇಳಿಯುವ ಉದ್ದ ಕಾಂಡದ ಹೊಸ ಕೀಲು ಕೂರಿಸಬೇಕಾಯಿತು. ಅರವತ್ತೆಂಟನೆಯ ವಯಸ್ಸಿನಲ್ಲಿ ಆಕೆ ವಾಕರ್ ಹಿಡಿದು ಎರಡನೇ ಸಲ ನಡಿಗೆ ಕಲಿಯುತ್ತಿದ್ದಾಳೆ.

ಬಾವಿಯ ರಾಟೆ ಸವೆದರೆ ಕಿರುಗುಟ್ಟಿ ಹೇಳುತ್ತದೆ. ಈ ಬಿಲ್ಲೆ ಹೇಳುವುದಿಲ್ಲ. ನಿಮ್ಮ ಮನೆಯಲ್ಲಿ ಇಂಥ ಮೊಣಕಾಲಿನವರಿದ್ದರೆ, ನೋವಿರಲಿ ಬಿಡಲಿ, ಡಾಕ್ಟರು ಹೇಳಿದ ಹೊತ್ತಿಗೆ ಒಂದು ಎಕ್ಸ್‌ರೇ ತೆಗೆಸಿಬಿಡಿ.