ಹಿಂದಿ ಮಾತನಾಡಿದ ಆಗುಂಬೆ

ಆರ್. ಕೆ. ನಾರಾಯಣರ ಮಾಲ್ಗುಡಿ ಯಾವ ನಕ್ಷೆಯಲ್ಲಿಯೂ ಇಲ್ಲ. ಶಂಕರ್ ನಾಗ್ ಅದನ್ನು ಆಗುಂಬೆಯಲ್ಲಿ ಕಂಡುಕೊಂಡರು. 1986ರಲ್ಲಿ ತಯಾರಾಗಿ ದೂರದರ್ಶನದಲ್ಲಿ ಬಂದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಮಾಸ್ಟರ್ ಮಂಜುನಾಥ್ ಸ್ವಾಮಿ, ಗಿರೀಶ ಕಾರ್ನಾಡರು ಅವನ ತಂದೆ. ಊರು ನಮ್ಮದು, ಜನ ನಮ್ಮವರು; ಮಾತು ಮಾತ್ರ ಹಿಂದಿ! ಮಲೆನಾಡಿನಿಂದ ಬಂದು ಜಯನಗರದಲ್ಲಿ ನೆಲೆಸಿದ, ಹಿಂದಿಯ ಗಂಧವೇ ಇಲ್ಲದ ನಮ್ಮ ಅಜ್ಜಿ ಮರುಪ್ರಸಾರವಾದಾಗಲೆಲ್ಲ ಎವೆಯಿಕ್ಕದೆ ನೋಡುತ್ತಿದ್ದರು. ‘ಅರ್ಥವಾಗುತ್ತದೆಯೇ, ಅಜ್ಜಿ?’ ಎಂದರೆ, ‘ಆ ಜಗಲಿ ನೋಡಲಿಕ್ಕೆ ಹಿಂದಿ ಯಾಕೆ ಬೇಕೋ?’ ಎನ್ನುವರು.

1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ಶಂಕರ್ ನಾಗ್ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 35 ವರ್ಷ. ಈಗ ನನಗಿರುವಷ್ಟೇ ವಯಸ್ಸು. 2006ರಲ್ಲಿ ಕವಿತಾ ಲಂಕೇಶರ ನಿರ್ದೇಶನದಲ್ಲಿ ಧಾರಾವಾಹಿ ಮರಳಿತು. ಶ್ರದ್ಧೆಗೇನೂ ಕೊರತೆಯಿರಲಿಲ್ಲ, ಆದರೆ ಒಂದೇ ವಾಹಿನಿಯ ಮುಂದೆ ಬೀದಿಗೆ ಬೀದಿಯೇ ಕುಳಿತಿರುವ ಕಾಲ ಮುಗಿದಿತ್ತು. ಅಜ್ಜಿಯೂ ಎರಡು ಕಂತು ನೋಡಿ, ಕನ್ನಡ ಧಾರಾವಾಹಿಯತ್ತ ಹೊರಳಿದರು.