ಮದವಿ ಕ್ಯಾಸೆಟ್ಟು, ಹಪ್ಪಳದ ಹಿಟ್ಟು

ನಮ್ಮ ವಾರಿಗಿಯವರ ಮನ್ಯಾಗ ಟ್ರೆಜರಿ ಮ್ಯಾಲಿನ ಖಾನ್ಯಾಗ ಒಂದರ ಮದವಿ ವಿಡಿಯೋ ಕ್ಯಾಸೆಟ್ ಇದ್ದ ಇರ್ತದ. ನೋಡ್ಲಿಕ್ಕೆ ವಿಸಿಆರ್ ಇಲ್ಲ, ಒಗೀಲಿಕ್ಕೆ ಮನಸಿಲ್ಲ. ಮಳಿಗಾಲದ ಥಂಡಿಗೆ ಟೇಪಿಗೆ ಬೂಸು ಹಿಡೀತದ, ಬೂಸು ಹಿಡದ್ರ ಚಿತ್ರ ಹೋತು. ಅದಕ್ಕ ಈ ವರ್ಷ ನಮ್ಮ ನಾದಿನಿ ಮದವಿ ಕ್ಯಾಸೆಟ್ಟನ್ನ ಡಿವಿಡಿ ಮಾಡೇ ಬಿಡೋಣ ಅಂತ ಕೂತ್ವಿ. 1994ರ ಮದವಿ. ಪಿಯುಸಿ ಓದಿದಾಕಿ ನಾನು, ಕಂಪ್ಯೂಟರ್ ಕಲತದ್ದು ಮಗನ ಬಾಜೂಕ ಕೂತು. ಹಂಗಾಗಿ ನಂಗ ತಿಳದ ಭಾಷಾದಾಗ ಹೇಳ್ತೀನಿ.

ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಸೋ ಕೆಲಸ ಒಂದ ಅಂಗಡ್ಯಾಗ ಮಾಡಿಸಿದ್ವಿ. 3 ತಾಸು 20 ನಿಮಿಷದ ಫಿಲ್ಮು. ಇಳಸಿದ ಫೈಲು 40 ಜಿಬಿಗಿಂತ ಜಾಸ್ತಿ. ಒಂದು ಸಾದಾ ಡಿವಿಡ್ಯಾಗ ಹಿಡಿಯೋದು 4.7 ಜಿಬಿ. ಅಂಗಡಿಯವಾ ಸರಳ ಉಪಾಯ ಹೇಳಿದ, ‘ಅಕ್ಕೀಕಾಳು ಹಾಕೋ ಸಾಲು, ಊಟದ ಪಂಕ್ತಿ ಎಲ್ಲಾ ಕತ್ತರಿಸಿ ಒಗೀತೀನ್ರಿ, ಎರಡು ತಾಸಿನಾಗ ಮುಗಸ್ತೀನಿ.’ ನಾದಿನೀನೂ ಫೋನಿನಾಗ ‘ಹೌದ ವೈನಿ, ಆ ಊಟಾ ಮಾಡೋರನ್ನ ಯಾರು ನೋಡ್ತಾರ, ತಗಸ್ರಿ’ ಅಂದ್ಲು.

ಆದ್ರ ಆ ಪಂಕ್ತಿ ಒಳಗ ನಮ್ಮ ಮಾವನವರು ಇದ್ದಾರ. ಕೈಯಾಗ ಬುಂದಿಲಾಡಿನ ಬುಟ್ಟಿ ಹಿಡಕೊಂಡು ‘ಇನ್ನೊಂದು ಹಾಕ್ಸಿಕೊಳ್ರಿ, ಬ್ಯಾಡ ಅನಬ್ಯಾಡ್ರಿ’ ಅಂತ ಬೀಗರಿಗೆ ಒತ್ತಾಯ ಮಾಡ್ತಾರ. ಹೆಚ್ಚಂದ್ರ 40 ಸೆಕೆಂಡು. ಅವರು ಹೋಗಿ 19 ವರ್ಷ ಆತು. ಫೋಟೋ ರಗಡ ಅವ, ಧ್ವನಿ ಅಂತ ಉಳದದ್ದು ಇಷ್ಟ. ನಮ್ಮ ಅತ್ತಿಯವರಿಗೆ ಈಗ 81. ‘ಕತ್ತರಿಸೂದಾದ್ರ ನನಗ ಆ ಡಿವಿಡೀನ ಬ್ಯಾಡ’ ಅಂದು ಜಪಮಣಿ ಹಿಡದು ಕೂತ್ರು. ಹಂಗಾಗಿ ಒಂದು ನಿಮಿಷಾನೂ ಕತ್ತರಿಸಬಾರದು ಅಂತ ಠರಾವು ಆತು.

ಕತ್ತರಿಸದ ಹಿಡಸೂದು ಹ್ಯಾಂಗ? ಹಪ್ಪಳ ಮಾಡೋ ಲೆಕ್ಕಾ ನೆನಸ್ರಿ. ಹಿಟ್ಟು ಅಷ್ಟ ಇರ್ತದ. ಹಪ್ಪಳದ ಸಂಖ್ಯೆ ಹೆಚ್ಚು ಮಾಡಿದ್ರ ಒಂದೊಂದೂ ತೆಳ್ಳಗ ಲಟ್ಟಸಬೇಕು. ಡಿವಿಡಿ ಅಂದ್ರ ಹಿಟ್ಟು, ನಿಮಿಷ ಅಂದ್ರ ಹಪ್ಪಳ. ಪ್ರತಿ ಸೆಕೆಂಡಿಗೆ ಎಷ್ಟು ಹಿಟ್ಟು ಹಾಕ್ತೀರಿ ಅನ್ನೋದಕ್ಕ ಬಿಟ್‌ರೇಟ್ ಅಂತಾರ. ಎರಡು ತಾಸಿನ ಫಿಲ್ಮಿಗೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸಿಗ್ತದ, ಚಿತ್ರ ಛಂದ ಬರ್ತದ. ನಮ್ಮ 200 ನಿಮಿಷಕ್ಕ ಭಾಗಿಸಿದ್ರ ಧ್ವನಿನೂ ಹಿಡದು ಬರೇ 3.

ತೆಳ್ಳಗಾದ್ರ ಎಲ್ಲಿ ಹರೀತದ ಅನ್ನೋದು ನೋಡೋ ಹಂಗದ. ಡಿವಿಡಿ ಒಳಗ ಪ್ರತಿಯೊಂದು ಚಿತ್ರಾನೂ ಪೂರ್ತಿ ಬರದಿಡೂದಿಲ್ಲ, ಹಿಂದಿನ ಚಿತ್ರಕ್ಕಿಂತ ಏನು ಬದಲಾತು ಅಷ್ಟ ಬರದಿಡ್ತದ. ಭಟ್ಟರು ಕೂತು ಮಂತ್ರ ಹೇಳೋ ಮುಂದ ಬದಲಾಗೂದು ಕಡಿಮಿ, ಅಲ್ಲೆ ಚಿತ್ರ ಸ್ವಚ್ಛ. ಗಟ್ಟಿಮೇಳ ಬಾರಿಸಿ ನಾನೂರು ಮಂದಿ ಒಮ್ಮೆ ಅಕ್ಕೀಕಾಳು ತೂರಿದ್ರ? ಪ್ರತಿ ಕಾಳೂ ಬದಲು! ಅಲ್ಲೆ ಚಿತ್ರ ಚೌಕಳಿ ಚೌಕಳಿ ಒಡೀತದ. ಅದಕ್ಕ ಸಾಫ್ಟ್‌ವೇರಿನಾಗ ಎರಡು ಸಲ ನೋಡೋ ಪದ್ಧತಿ ಇದ್ರ ಅದನ್ನ ಆರಿಸ್ಕೊಳ್ರಿ. ಮೊದಲನೇ ಸಲ ಎಲ್ಲಿ ಗದ್ದಲ, ಎಲ್ಲಿ ಶಾಂತ ಅಂತ ನೋಡಿ, ಎರಡನೇ ಸಲ ಗದ್ದಲ ಇದ್ದಲ್ಲೆ ಹೆಚ್ಚಿಗಿ ಹಿಟ್ಟು ಹಾಕ್ತದ. ಟೈಮು ಹಿಡೀತದ, ರಾತ್ರಿ ಹಚ್ಚಿ ಮಲ್ಕೊಂಡ್ರ ಆತು.

8.5 ಜಿಬಿ ಹಿಡಿಯೋ ಎರಡು ಪದರಿನ ಡಿವಿಡಿನೂ ಬರ್ತಾವ. ಒಂದು ತಂದು ಮಾಡಿ ನೋಡಿದ್ವಿ. ಅತ್ತಿಯವರ ಖೋಲ್ಯಾಗಿನ ಹಳೇ ಪ್ಲೇಯರ್ ಅದನ್ನ ಓದಲೇ ಇಲ್ಲ. ಎರಡು ಸಾದಾ ಡಿವಿಡಿಗೆ ಭಾಗ ಮಾಡಿದ್ರ ಚಿತ್ರ ಭೇಷ್ ಬರ್ತದ. ಆದ್ರ ಅತ್ತಿಯವರ ಕೈ ನಡುಗ್ತಾವ, ನಡುವ ಡಿಸ್ಕ್ ತಗದು ಬ್ಯಾರೇದ ಹಾಕೂದು ಅವರಿಂದ ಆಗೂದಿಲ್ಲ. ಯಾರನ್ನರ ಕರೀರಿ ಅಂದ್ರ ಕರಿಯೋ ಪೈಕಿನೂ ಅಲ್ಲ ಅವರು. ಕಡಿಕ ಬಳಗದವರಿಗೆಲ್ಲಾ ಎರಡು ಡಿಸ್ಕಿನ ಜೋಡಿ, ಅತ್ತಿಯವರಿಗಷ್ಟ ಎಲ್ಲಾ ಸೇರಿ ಒಂದ ಡಿಸ್ಕು ಅಂತ ಮಾಡಿದ್ವಿ. ಅಕ್ಕೀಕಾಳು ಚೌಕಳಿ ಆದ್ರ ಆಗ್ಲಿ, ಬುಂದಿಲಾಡು ನೆಟ್ಟಗ ಕಾಣಸ್ತದ!

ಇನ್ನ ಅಧ್ಯಾಯ, ಅಂದ್ರ ಚಾಪ್ಟರು. ಇದೊಂದು ಮಾಡದಿದ್ರ ಇಷ್ಟು ಕಷ್ಟಪಟ್ಟೂ ಉಪಯೋಗಿಲ್ಲ. ಮೂರು ತಾಸಿನ ಫಿಲ್ಮು ಓಡಿಸ್ಕೋತ ಕೂಡೂದು ಯಾರಿಗೆ ಆಗ್ತದ? ನಾವು ಡಿವಿಡಿ ಸ್ಟೈಲರ್ ಅನ್ನೋ ಪುಕಟ ಸಾಫ್ಟ್‌ವೇರ್ ಬಳಸಿದ್ವಿ. ಪಾಲ್ ಅಂತ ಆರಿಸಬೇಕು, ನಮ್ಮ ದೇಶದ ಟಿವಿ ಪದ್ಧತಿ ಅದು. ಹಳೇ ಕ್ಯಾಸೆಟ್ಟಿಗೆ ಅಗಲ-ಎತ್ತರ 4:3 ಇಡ್ರಿ, ಇಲ್ಲಾಂದ್ರ ಮಂದಿ ಎಲ್ಲಾ ದಪ್ಪ ಕಾಣಸ್ತಾರ. ಅಧ್ಯಾಯದ ಜಾಗಾದಾಗ ಎಷ್ಟು ತಾಸು-ನಿಮಿಷ-ಸೆಕೆಂಡಿಗೆ ಶುರು ಅನ್ನೋದನ್ನ ಅಲ್ಪವಿರಾಮ ಹಾಕ್ಕೋತ ಬರೀಬೇಕು. ‘ಹತ್ತತ್ತು ನಿಮಿಷಕ್ಕ ಒಂದು’ ಅಂತ ತಾನ ಕತ್ತರಿಸೋ ಸೋವಿನೂ ಅದ. ಆದ್ರ ತಾಳಿ ಕಟ್ಟೋ ಮುಹೂರ್ತ ಹತ್ತು ನಿಮಿಷದ ಲೆಕ್ಕಕ್ಕ ಬರ್ತದೇನ್ರಿ? ಕೈಲೇನ ಬರೀರಿ. ಮಾತು ಶುರು ಆಗೋಕಿಂತ ಎರಡು ಮೂರು ಸೆಕೆಂಡು ಮೊದಲ ಗುರುತು ಹಾಕ್ರಿ, ಅಂದ್ರ ಮೊದಲನೇ ಶಬ್ದ ನುಂಗಿ ಹೋಗೂದಿಲ್ಲ.

ನಮ್ಮ ಪಟ್ಟಿ ಹಿಂಗಾತು: ದೇವರ ಕಾರ್ಯ, ಸೀಮಂತ ಪೂಜಾ, ರುಕ್ಕೋತು, ಸುರಗಿ, ಅಕ್ಕೀಕಾಳು, ಮಾಂಗಲ್ಯ, ಸಪ್ತಪದಿ, ಪಂಕ್ತಿ, ಮಾವನವರು, ಭೂಮದ ಊಟ, ಹೆಣ್ಣು ಒಪ್ಪಸೂದು. ಮಾವನವರದು ಒಂಬತ್ತನೇದು. ರಿಮೋಟಿನ ‘ಮುಂದಿನದು’ ಬಟನ್ನಿಗೆ ಕೆಂಪು ಟಿಕಳಿ ಅಂಟಿಸಿ, ‘ಎಂಟು ಸಲ ಒತ್ರಿ’ ಅಂತ ಹೇಳೇವಿ. ಒತ್ತೋ ಮುಂದ ಬಟ್ಟು ಮಡಚಿ ಎಣಸ್ತಾರ.

ಸುಡೋ ಮೊದಲ ಡಿಸ್ಕಿಗೆ ಹಾಕದ ಕಂಪ್ಯೂಟರಿನಾಗ ಒಂದು ಇಮೇಜ್ ಫೈಲ್ ಮಾಡಿ, ವಿಎಲ್‌ಸಿ ಒಳಗ ಪ್ರತಿ ಅಧ್ಯಾಯ ಒತ್ತಿ ನೋಡ್ರಿ. ಸರಿ ಬಂತಂದ್ರ ಆಮ್ಯಾಲೆ ಸುಡ್ರಿ. ಭಾಳ ಜೋರು ಬ್ಯಾಡ, 4 ಪಟ್ಟಿನ ವೇಗ ಸಾಕು. ಈಗಿನ ಲ್ಯಾಪ್‌ಟಾಪಿಗೆ ಡಿವಿಡಿ ಖಾನೆ ಇರೂದಿಲ್ಲ, ಯುಎಸ್‌ಬಿಗೆ ಹಚ್ಚೋ ರೈಟರ್ ಬರ್ತಾವ. ಡಿಸ್ಕಿನ ಮ್ಯಾಲೆ ಬಾಲ್‌ಪೆನ್ನಿಲೆ ಒತ್ತಿ ಬರೀಬ್ಯಾಡ್ರಿ, ಮೆತ್ತನ್ನ ಮಾರ್ಕರ್ ಬಳಸ್ರಿ. ಬಿಸಲಿಗೆ ಇಡಬ್ಯಾಡ್ರಿ. ಡಿವಿಡಿನೂ ಚಿರಂಜೀವಿ ಅಲ್ಲ. ಅದಕ್ಕ ಮೂಲ ಫೈಲನ್ನ ಎರಡು ಹಾರ್ಡ್‌ಡಿಸ್ಕಿನಾಗ, ಎರಡು ಬ್ಯಾರೆ ಬ್ಯಾರೆ ಮನ್ಯಾಗ ಇಡ್ರಿ.

ಒಂದು ಮಾತು ಕಡೇದಾಗಿ. ಟೈಮು ಬರ್ಕೊಳ್ಳೋ ಮುಂದ ಮನಿ ಹಿರಿಯರನ್ನ ಬಾಜೂಕ ಕೂಡಿಸ್ಕೊಳ್ರಿ. ನಾ ಅತ್ತಿಯವರನ್ನ ಕೂಡಿಸ್ಕೊಂಡಿದ್ದೆ. ‘ಇವರು ನಿಮ್ಮ ಮಾವನವರ ಸೋದರತ್ತಿ, ಈ ಹುಡುಗ ಮುಂದ ಮಿಲಿಟ್ರಿ ಸೇರಿದ, ಈಕಿ ಅವತ್ತ ನನ್ನ ಪಾಟ್ಲಿ ಹಾಕ್ಕೊಂಡಾಳ ನೋಡು’ ಅಂತ ಹೇಳ್ಕೋತ ಹೋದ್ರು, ನಾ ವಹಿ ಒಳಗ ಬರಕೊಂಡೆ. ಮಕ್ಕಳಿಗೆ ಆ ಮುಖ ಒಂದೂ ಗೊತ್ತಿಲ್ಲ. ನನಗೂ ಅರ್ಧಕ್ಕರ್ಧ ಗೊತ್ತಿರಲಿಲ್ಲ. ವಹಿ ತುಂಬ ಈಗ 63 ಹೆಸರು ಆಗ್ಯಾವ. ತಗಸ್ರಿ ಅಂದಿದ್ದ ನಾದಿನಿ ಮೊನ್ನೆ ಫೋನ್ ಮಾಡಿ, ‘ವೈನಿ, ಆ ವಹೀದೊಂದು ಝೆರಾಕ್ಸ್ ಡಿವಿಡಿ ಜೋಡಿ ಕಳಸ್ರಿ’ ಅಂದ್ಲು.