ಅಪ್ಪನ ಜತೆ ಕುದುರೆಮುಖಕ್ಕೆ

ಕುದುರೆಮುಖಕ್ಕೆ ಹೋಗ್ತೀನಿ ಅಂದಾಗ ಅಪ್ಪ ತಾವೂ ಬರ್ತೀನಿ ಅಂದ್ರು. ನನಗೆ ಆಶ್ಚರ್ಯ. 2005ರ ಕೊನೆಗೆ ಗಣಿ ಮುಚ್ಚಿದ ಮೇಲೆ ಅವರು ಆ ಕಡೆ ತಲೆ ಹಾಕಿರಲಿಲ್ಲ. ಅಲ್ಲಿನ ಕಬ್ಬಿಣದ ಅದಿರಿನ ಗಣಿಯಲ್ಲೇ ಅವರಿಗೆ ಕೆಲಸ. ನಾನು ಆಡಿ ಬೆಳೆದದ್ದೂ ಅದೇ ಟೌನ್‌ಶಿಪ್‌ನಲ್ಲಿ. ಗಣಿಗಾರಿಕೆ ನಿಲ್ಲಿಸಿ ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಕಾಡು ಉಳೀತು ಅಂತ ಎಷ್ಟೋ ಜನ ಖುಷಿಪಟ್ಟರು. ನಮ್ಮನೇಲಿ ಮಾತ್ರ ಆ ರಾತ್ರಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಆನ್‌ಲೈನ್‌ನಲ್ಲಿ ಪರ್ಮಿಟ್ ಮಾಡಿಸಿದ್ದೆ. ಸಂಸೆ ಕಡೆಯಿಂದ ಜೀಪ್‌ನಲ್ಲಿ ಮುಳ್ಳೋಡಿಗೆ ಹೋಗಿ, ಗೈಡ್ ಜತೆ ನಡೆಯಲು ಶುರು ಮಾಡಿದೆವು. ಅಪ್ಪನಿಗೆ ಮಂಡಿ ನೋವು, ಹಾಗಾಗಿ ಒಂಟಿಮರದ ತನಕ ಅಷ್ಟೇ ಅಂತ ಮೊದಲೇ ಮಾತಾಗಿತ್ತು. ಸುಮಾರು 1,890 ಮೀಟರ್ ಎತ್ತರದ ತುದಿ ಹೇಗೂ ಮೋಡದೊಳಗಿತ್ತು.

ಇಲ್ಲಿ ಬೆಟ್ಟದ ಮೈಯೆಲ್ಲ ಹುಲ್ಲು. ಗುಡ್ಡಗಳು ಸೇರುವ ಕಣಿವೆಯಲ್ಲಿ ಮಾತ್ರ ಕುಳ್ಳ ಮರಗಳ ದಟ್ಟ ಕಾಡು. ಇದೇ ಶೋಲಾ. ಒಳಗೆ ಕಾಲಿಟ್ಟರೆ ಮಳೆ ಇಲ್ಲದಿದ್ದರೂ ತಲೆ ಮೇಲೆ ಹನಿ. ಮಂಜು ಎಲೆಗೆ, ಪಾಚಿಗೆ ತಾಗಿ ನೀರಾಗಿ ಇಳಿಯುತ್ತೆ. ತರಗೆಲೆ ತುಂಬಿದ ಮಣ್ಣು ಅದನ್ನು ಹೀರಿಟ್ಟುಕೊಂಡು, ಬೇಸಿಗೆಯಲ್ಲೂ ಸ್ವಲ್ಪಸ್ವಲ್ಪವೇ ಹಳ್ಳಕ್ಕೆ ಬಿಡುತ್ತೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ರಾಷ್ಟ್ರೀಯ ಉದ್ಯಾನದಲ್ಲಿದೆ.

ಹಳ್ಳದ ನೀರನ್ನು ಬೊಗಸೆಯಲ್ಲಿ ಹಿಡಿದು ಅಪ್ಪ ಅಂದ್ರು: "ಆಗ ಮಳೆಗಾಲದಲ್ಲಿ ಗಣಿ ಮಣ್ಣು ಸೇರಿ ಭದ್ರೆ ಕೆಂಪಗೆ ಹರೀತಿತ್ತು ಕಣೋ. ನೋಡಿ ಸುಮ್ಮನಿರ್ತಿದ್ವಿ. ನಿನ್ನ ಸ್ಕೂಲ್ ಫೀಸು ಅಲ್ಲಿಂದಲೇ ಬರ್ತಿತ್ತಲ್ಲ."

ನಾನು ಏನು ಹೇಳಲಿ?

ವಾಪಸ್ ಕಾರ್ಕಳದ ಕಡೆ ಘಾಟಿ ಇಳಿಯುವಾಗ ಸಿಂಗಳೀಕ ಕಂಡವು. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಲ್ಲೂ ಇವಿಲ್ಲ. ಮರದಿಂದ ಮರಕ್ಕೇ ಓಡಾಡುವ ಇವಕ್ಕೆ ಕಾಡು ತುಂಡಾದರೆ ದಾರಿಯೇ ತಪ್ಪುತ್ತೆ. 1987ರಲ್ಲಿ ಇಲ್ಲಿ ರಾಷ್ಟ್ರೀಯ ಉದ್ಯಾನ ಆಗಲು ಇವೂ ಒಂದು ಕಾರಣ.

ಮುಂದಿನ ಕಾರಿನವರು ಚಿಪ್ಸ್ ಪ್ಯಾಕೆಟ್ ತೆಗೆದರು. ಅಪ್ಪ ಇಳಿದು ಹೋಗಿ, "ಕೊಡಬೇಡಿ. ರೋಡಿಗಿಳಿಯೋದು ಕಲಿತರೆ ಗಾಡಿಗೆ ಸಿಕ್ಕಿ ಸಾಯ್ತವೆ" ಅಂದ್ರು.

"ನೀವು ಇಲ್ಲಿಯವರಾ?" ಅಂತ ಅವರು ಕೇಳಿದರು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದು, ಇಲ್ಲಿಯವನೇ" ಅಂದ್ರು.